ಕಲ್ಯಾಣಕ್ಕೆ ಬಂದವರು, ಕಲ್ಯಾಣದಿಂದ ಹೋದವರು

ವಲಸೆ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಮನಸ್ಸಿನಲ್ಲಿ ಮೂಡುವ ಚಿತ್ರ ಸಾಮಾನ್ಯವಾಗಿ ದುಃಖದ್ದು. ಬಿರುಕುಬಿಟ್ಟ ಹೊಲ, ಬೀಗ ಹಾಕಿದ ಮನೆ, ಗಂಟುಮೂಟೆ ಕಟ್ಟಿಕೊಂಡು ಬಸ್ಸಿಗಾಗಿ ಕಾಯುವ ಕುಟುಂಬ. ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಸೀಮೆಯಲ್ಲಿ ಈ ಚಿತ್ರ ಸುಳ್ಳೇನಲ್ಲ. ಆದರೆ ಅದು ಅರ್ಧ ಚಿತ್ರ. ಸುಮಾರು 900 ವರ್ಷಗಳ ಹಿಂದೆ ಇದೇ ನೆಲವನ್ನು ಹುಡುಕಿಕೊಂಡು ದೂರದ ಕಾಶ್ಮೀರದಿಂದಲೂ ಜನ ಬಂದಿದ್ದರು.

ಒಂದು ಕಾಲದಲ್ಲಿ ಜನರನ್ನು ಸೆಳೆದ ಊರು ಇನ್ನೊಂದು ಕಾಲದಲ್ಲಿ ಜನರನ್ನು ಹೊರಗೆ ಕಳುಹಿಸಿದ್ದು ಏಕೆ? ಮಣ್ಣು ಅದೇ, ಹಳ್ಳಕೊಳ್ಳಗಳು ಅವೇ. ಹಾಗಾದರೆ ಬದಲಾದದ್ದು ಏನು? ಈ ಪ್ರಶ್ನೆಗೆ ಉತ್ತರ ಹುಡುಕುವುದೆಂದರೆ ಈ ಪ್ರದೇಶದ ಆರ್ಥಿಕ ಇತಿಹಾಸವನ್ನೇ ಓದಿದಂತೆ.

ಜನ ಬಂದ ಕಾಲ

11ನೆಯ ಶತಮಾನದಲ್ಲಿ ಚಾಲುಕ್ಯರ ದೊರೆ ಒಂದನೆಯ ಸೋಮೇಶ್ವರ ತನ್ನ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದ. ರಾಜಧಾನಿ ಎಂದರೆ ಕೋಟೆ, ಅರಮನೆ ಮಾತ್ರವಲ್ಲ. ದೂರದೂರದ ನಾಡುಗಳಿಂದ ಬಂದ ಕಂದಾಯ ಖರ್ಚಾಗುವ ಸ್ಥಳವದು. ಹಣ ಖರ್ಚಾಗುವ ಕಡೆಗೆ ಕಲ್ಲುಕುಟಿಗರು, ನೇಕಾರರು, ವರ್ತಕರು, ಪಂಡಿತರು ಬಂದೇ ಬರುತ್ತಾರೆ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆ ಬಿಲ್ಹಣ ಬಂದದ್ದು ಕಾಶ್ಮೀರದಿಂದ. ಅವನು ರಚಿಸಿದ 'ವಿಕ್ರಮಾಂಕದೇವಚರಿತ' ಇಂದಿಗೂ ಉಳಿದಿದೆ. ಹುಮನಾಬಾದ್ ಬಳಿಯ ಜಲಸಂಗಿಯ ದೇವಾಲಯವನ್ನು ನೀವು ನೋಡಿದ್ದರೆ ಅಲ್ಲಿ ಶಾಸನ ಬರೆಯುತ್ತಿರುವ ಸುಂದರಿಯ ಶಿಲ್ಪ ನೆನಪಿರಬಹುದು. ಅಕ್ಷರವನ್ನು ಕೆತ್ತಿ ಸಂತೋಷಪಡುವಷ್ಟು ಬಿಡುವು ಮತ್ತು ಹಣ ಅಂದು ಈ ಹಳ್ಳಿಗಳಲ್ಲಿ ಇತ್ತು ಎಂಬುದಕ್ಕೆ ಅದು ಸಾಕ್ಷಿ.

12ನೆಯ ಶತಮಾನದ ಮಧ್ಯಭಾಗದಲ್ಲಿ ಕಲಚುರಿ ಬಿಜ್ಜಳ ಕಲ್ಯಾಣವನ್ನು ವಶಪಡಿಸಿಕೊಂಡ. ಆಗ ಬಂದವರ ಬಗೆಯೇ ಬೇರೆ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಕೂಡಲಸಂಗಮ, ಮಂಗಳವೇಢೆಗಳ ಮೂಲಕ ಕಲ್ಯಾಣಕ್ಕೆ ಬಂದರು. ಬಳ್ಳಿಗಾವೆಯ ಅಲ್ಲಮಪ್ರಭು, ಉಡುತಡಿಯ ಅಕ್ಕಮಹಾದೇವಿ, ಸೊನ್ನಲಿಗೆಯ ಸಿದ್ಧರಾಮ ಇಲ್ಲಿಗೆ ಬಂದರು. ಮೋಳಿಗೆಯ ಮಾರಯ್ಯ ಕಾಶ್ಮೀರದ ಅರಸನಾಗಿದ್ದು, ಇಲ್ಲಿ ಕಟ್ಟಿಗೆಯ ಹೊರೆ ಮಾರಿ ಬದುಕಿದನೆಂದು ಪರಂಪರೆ ಹೇಳುತ್ತದೆ. ಹುಮನಾಬಾದ್ ತಾಲ್ಲೂಕಿನ ಮೋಳಕೇರಾ ಗ್ರಾಮ ಅವನ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಬಂದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ಜೀವಿಸುತ್ತಿದ್ದರು. ಒಂದು ದಿನ ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಅದನ್ನು ಹಿಂದಿರುಗಿಸಲು ಹೇಳಿದ ಕಥೆ ನಿಮಗೆಲ್ಲ ತಿಳಿದದ್ದೇ.

ಈ ಕಥೆಯನ್ನು ನಾವು ನೀತಿಪಾಠವಾಗಿ ಓದುತ್ತೇವೆ. ಅದನ್ನೇ ವಲಸೆಗಾರರ ಕಥೆಯಾಗಿಯೂ ಓದಬಹುದು. ಪರ ಊರಿನಿಂದ ಬಂದ ಬಡ ದಂಪತಿಗೆ ಕಲ್ಯಾಣದಲ್ಲಿ ಕೆಲಸವಿತ್ತು, ಆ ಕೆಲಸಕ್ಕೆ 'ಕಾಯಕ' ಎಂಬ ಗೌರವದ ಹೆಸರಿತ್ತು, ತಮ್ಮ ಮಾತನ್ನು ಆಡಲು ಸಭೆಯೊಂದಿತ್ತು. ಹುಟ್ಟಿನ ಜಾತಿಯನ್ನು ಕೇಳದೆ ದುಡಿಮೆಯನ್ನು ಗೌರವಿಸುವ ಊರಿಗೆ ಜನ ಬರುವುದು ಸಹಜ. ಆದರೆ ಆ ಗೌರವ ಬಹುಕಾಲ ಬಾಳಲಿಲ್ಲ. ಹರಳಯ್ಯ ಮತ್ತು ಮಧುವರಸರ ಮಕ್ಕಳ ಮದುವೆಯ ನಂತರ ನಡೆದ ಹಿಂಸೆಯಲ್ಲಿ ಶರಣರು ಚದುರಿದರು. ಚೆನ್ನಬಸವಣ್ಣನವರೊಂದಿಗೆ ಹಲವರು ಉಳವಿಯ ಕಾಡಿನ ದಾರಿ ಹಿಡಿದರು. ಕಲ್ಯಾಣದಿಂದ ಹೊರಗೆ ಹೊರಟ ಮೊದಲ ದೊಡ್ಡ ವಲಸೆ ಇದೇ ಎನ್ನಬಹುದು. ಅದಕ್ಕೆ ಕಾರಣ ಬರವಲ್ಲ, ಅಸಹನೆ.

ದಾರಿ ತಪ್ಪಿದ ಪಟ್ಟಣ

ಚಾಲುಕ್ಯರ ನಂತರ ಕಲ್ಯಾಣ ಮತ್ತೆ ದೊಡ್ಡ ರಾಜಧಾನಿಯಾಗಲಿಲ್ಲ. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಬದಲಾಯಿಸಿದಾಗ ಹೊರಗಿನ ಜನ ಬಂದದ್ದು ಬೀದರಿಗೆ. ಇರಾನಿನ ಗಿಲಾನ್ ಪ್ರಾಂತ್ಯದಿಂದ ಬಂದು ಪ್ರಧಾನಿಯಾದ ಮಹಮೂದ್ ಗವಾನ್ 1472ರಲ್ಲಿ ಪೂರೈಸಿದ ಮದರಸಾ ಆ ವಲಸೆಯ ಫಲ. ಕಲ್ಯಾಣವಾದರೋ ಗಡಿಯ ಕೋಟೆಯಾಗಿ ಕೈಯಿಂದ ಕೈಗೆ ಹೋಯಿತು. 1657ರಲ್ಲಿ ಔರಂಗಜೇಬನು ಬೀದರನ್ನೂ ಕಲ್ಯಾಣವನ್ನೂ ಗೆದ್ದುಕೊಂಡ. ಮುಂದೆ ಹೈದರಾಬಾದಿನ ನಿಜಾಮರ ಆಡಳಿತದಲ್ಲಿ ಕಲ್ಯಾಣಿ ಒಂದು ಜಾಗೀರು. ನವಾಬರ ಮನೆತನಕ್ಕೆ ಸೇರಿದ ಸೀಮೆ.

ಈ ವ್ಯತ್ಯಾಸವನ್ನು ಗಮನಿಸಬೇಕು. ರಾಜಧಾನಿಯಾಗಿದ್ದಾಗ ಹೊರಗಿನ ಕಂದಾಯ ಕಲ್ಯಾಣಕ್ಕೆ ಬರುತ್ತಿತ್ತು. ಜಾಗೀರಾದ ಮೇಲೆ ಕಲ್ಯಾಣದ ಕಂದಾಯದ ದೊಡ್ಡ ಪಾಲಿಗೆ ಹೈದರಾಬಾದಿನ ದಾರಿ ತೆರೆಯಿತು. ನೀರಾವರಿಗೋ ಶಾಲೆಗೋ ಸಲ್ಲಬೇಕಾದ ಹಣ ಅದೇ ಊರಿನಲ್ಲಿ ಉಳಿಯಲಿಲ್ಲ. ಹುಮನಾಬಾದ್ ಪಕ್ಕದ ಮಾಣಿಕನಗರದಂಥ ಕ್ಷೇತ್ರಗಳು ಮಾತ್ರ ಜನರನ್ನು ಸೆಳೆಯುತ್ತ ಉಳಿದವು. ಬಸವಕಲ್ಯಾಣ ತಾಲ್ಲೂಕಿನ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಅಲ್ಲಿ ನೆಲೆಸಿ, ಎಲ್ಲ ಮತಗಳನ್ನೂ ಗೌರವಿಸುವ ಸಕಲಮತ ಸಂಪ್ರದಾಯವನ್ನು ಬೋಧಿಸಿದರು.

19ನೆಯ ಶತಮಾನದಲ್ಲಿ ರೈಲು ಬಂತು. 1870ರ ದಶಕದಲ್ಲಿ ಕಲಬುರಗಿ, ವಾಡಿ, ಸಿಕಂದರಾಬಾದುಗಳು ಹಳಿಯಿಂದ ಬೆಸೆದುಕೊಂಡವು. 20ನೆಯ ಶತಮಾನದ ಮೊದಲರ್ಧದಲ್ಲಿ ಬೀದರಿಗೂ ರೈಲು ಮುಟ್ಟಿತು. ಇವೆರಡು ಹಳಿಗಳ ನಡುವೆ ಹುಮನಾಬಾದ್, ಕಲ್ಯಾಣಗಳು ಉಳಿದುಹೋದವು. ಬೀದರ್–ಕಲಬುರಗಿ ಮಾರ್ಗ ಪೂರ್ಣವಾಗಿ ಲೋಕಾರ್ಪಣೆಯಾದದ್ದು 2017ರ ಅಕ್ಟೋಬರಿನಲ್ಲಿ. ಹುಮನಾಬಾದಿಗೆ ಅದರಿಂದ ರೈಲು ದೊರೆಯಿತು. ಬಸವಕಲ್ಯಾಣ ಪಟ್ಟಣ ಇಂದಿಗೂ ಹಳಿಯಿಂದ ದೂರವೇ ಇದೆ.

ರೈಲಿನಿಂದ ಇನ್ನೊಂದು ಸಮುದಾಯದ ಬದುಕೂ ಬದಲಾಯಿತು. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಸೈನ್ಯಗಳಿಗೂ ಸಂತೆಗಳಿಗೂ ಸಾಗಿಸುತ್ತಿದ್ದ ಲಂಬಾಣಿಗರಿಗೆ ಸಂಚಾರವೇ ವೃತ್ತಿಯಾಗಿತ್ತು. ಗೂಡ್ಸ್ ಗಾಡಿ ಆ ವೃತ್ತಿಯನ್ನು ಕಿತ್ತುಕೊಂಡಿತು. ಅವರು ತಾಂಡಾಗಳಲ್ಲಿ ನೆಲೆನಿಂತರು. ಆದರೆ ಒಳ್ಳೆಯ ಭೂಮಿಯೆಲ್ಲ ಆಗಲೇ ಬೇರೆಯವರ ಕೈಯಲ್ಲಿತ್ತು. ವ್ಯಾಪಾರಕ್ಕಾಗಿ ತಿರುಗುತ್ತಿದ್ದವರ ಮೊಮ್ಮಕ್ಕಳು ಕೂಲಿಗಾಗಿ ತಿರುಗುವಂತಾಯಿತು.

ಹೊಲ ಚಿಕ್ಕದಾದ ಬಗೆ

ವಿಕ್ರಮಾದಿತ್ಯನ ಕಾಲದಲ್ಲಿಯೇ ಕಲ್ಯಾಣದಲ್ಲಿ ವಿಜ್ಞಾನೇಶ್ವರ 'ಮಿತಾಕ್ಷರ' ಎಂಬ ಗ್ರಂಥ ಬರೆದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲು ಉಂಟು ಎಂಬುದು ಅದರ ಮುಖ್ಯ ತತ್ವ. ಬಂಗಾಳದಂಥ ಪ್ರದೇಶಗಳನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ವಿಚಾರ ಈ ಗ್ರಂಥವನ್ನು ಅನುಸರಿಸಿತು. ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಸಮಾನ ಪಾಲು ಕಾನೂನಿನಲ್ಲಿ ಬಂದದ್ದು 2005ರ ತಿದ್ದುಪಡಿಯಿಂದ.

ತಂದೆಯ ಮನಸ್ಸಿಗೆ ಬಂದಂತೆ ಮಗನನ್ನು ಬರಿಗೈಯಲ್ಲಿ ಕಳುಹಿಸಲಾಗದು ಎಂಬುದು ನ್ಯಾಯವಾದ ತತ್ವ. ಆದರೆ ಅದರ ಲೆಕ್ಕವನ್ನೂ ಮಾಡಿ ನೋಡಿ. 24 ಎಕರೆ ಹೊಲವಿದ್ದ ಮನೆಯಲ್ಲಿ ಮೂವರು ಮಕ್ಕಳಿದ್ದರೆ ತಲಾ 8 ಎಕರೆ. ಅವರಿಗೆ ತಲಾ ಇಬ್ಬರಿದ್ದರೆ 4 ಎಕರೆ. ಮತ್ತೊಂದು ತಲೆಮಾರಿಗೆ 2 ಎಕರೆ. ಕೆರೆಯೋ ಬಾವಿಯೋ ಇದ್ದರೆ 2 ಎಕರೆಯಲ್ಲೂ ಬದುಕಬಹುದು. ಮಳೆಯನ್ನೇ ನಂಬಿ ತೊಗರಿ, ಜೋಳ, ಉದ್ದು, ಸೋಯಾ ಬೆಳೆಯುವ ಹೊಲದಲ್ಲಿ ಐದು ಜನರ ಮನೆ ವರ್ಷವಿಡೀ ನಡೆಯುವುದು ಕಷ್ಟ. ಊರಿನಲ್ಲಿ ಬೇರೆ ಉದ್ಯೋಗ ಬೆಳೆಯದಿದ್ದಾಗ ನ್ಯಾಯವಾದ ಹಂಚಿಕೆಯೂ ಬಡತನದ ಹಂಚಿಕೆಯಾಗುತ್ತದೆ.

ಇದು ನಮ್ಮ ನಾಡಿನ ಕಥೆ ಮಾತ್ರವಲ್ಲ. ಯೂರೋಪಿನ ಐರ್ಲೆಂಡಿನಲ್ಲಿಯೂ ರೈತರು ಗೇಣಿ ಭೂಮಿಯನ್ನು ಮಕ್ಕಳಿಗೆ ಹಂಚುತ್ತ ಹೋಗಿ, ಕೊನೆಗೆ ಆಲೂಗಡ್ಡೆಯೊಂದನ್ನೇ ನಂಬಿ ಬದುಕುವಷ್ಟು ಚಿಕ್ಕ ತುಂಡುಗಳು ಉಳಿದವು. 1845ರಲ್ಲಿ ಆ ಬೆಳೆಗೆ ರೋಗ ತಗುಲಿತು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು; ಅಷ್ಟೇ ಜನ, ಬಹುಶಃ ಇನ್ನೂ ಹೆಚ್ಚು ಜನ, ಹಡಗು ಹತ್ತಿದರು. 1841ರಲ್ಲಿ 80 ಲಕ್ಷ ಮೀರಿದ್ದ ಆ ದ್ವೀಪದ ಜನಸಂಖ್ಯೆ ಇಂದಿಗೂ ಆ ಮಟ್ಟವನ್ನು ಮುಟ್ಟಿಲ್ಲ. ಕ್ಷಾಮದ ನಂತರ ಅಲ್ಲಿ ಹೊಲ ಒಬ್ಬನೇ ಮಗನಿಗೆ ಎಂಬ ರೂಢಿ ಬಲಗೊಂಡಿತು. ಉಳಿದವರಿಗೆ ಅಮೆರಿಕವೇ ಪಿತ್ರಾರ್ಜಿತವಾಯಿತು.

ಎರಡು ವರ್ಷ, ಎರಡು ಗಡಿ

20ನೆಯ ಶತಮಾನದಲ್ಲಿ ಈ ಪ್ರದೇಶದ ಜನಜೀವನವನ್ನು ಕದಲಿಸಿದ ವರ್ಷಗಳು 1948 ಮತ್ತು 1956.

1948ರ ಮೇ ತಿಂಗಳಿನಲ್ಲಿ ಇಂದಿನ ಬಸವಕಲ್ಯಾಣ ತಾಲ್ಲೂಕಿನ ಗೋರಟಾ ಗ್ರಾಮದಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದರು. ಭಯಗೊಂಡ ಕುಟುಂಬಗಳು ಗಡಿ ದಾಟಿ ಮುಂಬಯಿ ಪ್ರಾಂತ್ಯದ ಸೊಲ್ಲಾಪುರದ ಕಡೆಗೆ ಓಡಿದವು. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಅದರ ಬೆನ್ನಿಗೇ ಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ಸೇಡಿನ ಹಿಂಸೆ ನಡೆಯಿತು. ಕೇಂದ್ರ ಸರಕಾರ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ, ಹೆಚ್ಚು ನೊಂದ ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಗುಲ್ಬರ್ಗಾ, ನಾಂದೇಡ್‌ಗಳೊಂದಿಗೆ ಬೀದರನ್ನೂ ಹೆಸರಿಸಿತು. ಒಂದೇ ವರ್ಷದಲ್ಲಿ ಎರಡು ಕಡೆಯ ಜನರೂ ಮನೆ ಬಿಟ್ಟು ಓಡಿದರು. ಇತಿಹಾಸವನ್ನು ಓದುವಾಗ ಒಂದು ಓಟವನ್ನು ನೆನೆದು ಇನ್ನೊಂದನ್ನು ಮರೆಯುವುದು ಸರಿಯಲ್ಲ.

1949ರಲ್ಲಿ ಜಾಗೀರುಗಳು ರದ್ದಾದವು. 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳ ಪುನರ್ವಿಂಗಡಣೆಯಾಯಿತು. ಹಳೆಯ ಬೀದರ್ ಜಿಲ್ಲೆಯ ಉದಗೀರ, ಅಹಮದಪುರ, ನಿಲಂಗಾ ಮುಂಬಯಿ ರಾಜ್ಯಕ್ಕೆ ಸೇರಿದವು. ಜಹೀರಾಬಾದ್, ನಾರಾಯಣಖೇಡ್ ಆಂಧ್ರಕ್ಕೆ ಹೋದವು. ಕನ್ನಡದ ಸೀಮೆ ಮೈಸೂರು ರಾಜ್ಯಕ್ಕೆ ಬಂತು. ಕಲ್ಯಾಣ 'ಬಸವಕಲ್ಯಾಣ'ವಾಯಿತು. ಇದು ಹೆಮ್ಮೆಯ ಸಂಗತಿ. ಆದರೆ ಆರ್ಥಿಕವಾಗಿ ಒಂದು ವಿಚಿತ್ರ ಸ್ಥಿತಿ ಉಂಟಾಯಿತು. ಹುಮನಾಬಾದಿನಿಂದ ಹೈದರಾಬಾದಿಗೆ ಬಸ್ಸಿನಲ್ಲಿ ಅರ್ಧ ದಿನವೂ ಬೇಡ. ಬೆಂಗಳೂರು 600 ಕಿಲೋಮೀಟರಿಗೂ ದೂರ. ಅರ್ಜಿ ಹೋಗಬೇಕಾದದ್ದು ಬೆಂಗಳೂರಿಗೆ, ಕೂಲಿ ಸಿಗುವುದು ಹೈದರಾಬಾದಿನಲ್ಲಿ, ಸೊಲ್ಲಾಪುರದಲ್ಲಿ, ಪುಣೆಯಲ್ಲಿ. ಗಡಿಯ ರೇಖೆ ಬದಲಾದರೂ ಜನರ ಹೆಜ್ಜೆ ಬದಲಾಗಲಿಲ್ಲ.

ಗುಳೆ

ಸುಗ್ಗಿ ಮುಗಿದ ಮೇಲೆ ಊರು ಬಿಟ್ಟು, ಮುಂಗಾರಿಗೆ ಮರಳುವ ವಲಸೆಗೆ ನಮ್ಮ ಕಡೆ 'ಗುಳೆ' ಎನ್ನುತ್ತಾರೆ. 1972ರ ದೊಡ್ಡ ಬರದಲ್ಲಿ ದಖ್ಖನ್ನಿನ ಹಳ್ಳಿಹಳ್ಳಿಗಳೇ ಗುಳೆ ಎದ್ದವು. ಬರ ಹೋದರೂ ದಾರಿ ಉಳಿಯಿತು.

ಉಷ್ಣವು ಬಿಸಿ ವಸ್ತುವಿನಿಂದ ತಂಪು ವಸ್ತುವಿಗೆ ತಾನಾಗಿಯೇ ಹರಿಯುತ್ತದೆಂದು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಜನರ ಹರಿವು ಅಷ್ಟು ಸರಳವಲ್ಲ. ಕೂಲಿಯಲ್ಲಿ ವ್ಯತ್ಯಾಸವಿದ್ದರೆ ಸಾಲದು. ದಾರಿಯ ಖರ್ಚು ಬೇಕು, ಆ ಊರಿನ ಭಾಷೆ ಬೇಕು, ಮೊದಲ ರಾತ್ರಿ ತಂಗಲು ನಮ್ಮವರೊಬ್ಬರ ಗುಡಿಸಲು ಬೇಕು. ಬಸವಕಲ್ಯಾಣ, ಹುಮನಾಬಾದಿನವರಿಗೆ ಕನ್ನಡದ ಜೊತೆಗೆ ಮರಾಠಿ, ದಖ್ಖನಿ, ತೆಲುಗು ಕಿವಿಗೆ ಬಿದ್ದಿರುತ್ತವೆ. ಹೈದರಾಬಾದ್–ಸೊಲ್ಲಾಪುರ–ಪುಣೆ ಹೆದ್ದಾರಿ ಅವರ ಸೀಮೆಯ ನಡುವೆಯೇ ಹಾದುಹೋಗುತ್ತದೆ. ಹೀಗಾಗಿ ಮೊದಲು ಒಬ್ಬ ಗೌಂಡಿ ಹೋಗುತ್ತಾನೆ. ಮರುವರ್ಷ ಅವನ ತಮ್ಮ, ಅಳಿಯ, ನೆರೆಮನೆಯವರು ಹೋಗುತ್ತಾರೆ. ಇದನ್ನು ಸರಪಳಿ ವಲಸೆ ಎನ್ನುತ್ತಾರೆ.

ಆದರೆ ಕೈಯಲ್ಲಿ ಏನೂ ಇಲ್ಲದವನು ಮುಕಾದಮನಿಂದ ಮುಂಗಡ ಪಡೆದು ಹೊರಡುತ್ತಾನೆ. ಅವನ ದುಡಿಮೆ ಹೊರಡುವ ಮೊದಲೇ ಅಡವಾಗಿರುತ್ತದೆ. ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿ 1979ರಲ್ಲಿ ಕಾಯ್ದೆಯೊಂದು ಬಂದಿತು. ಆದರೆ ಬಾಯಿಮಾತಿನ ಒಪ್ಪಂದಗಳು ದಾಖಲೆಯ ಪುಸ್ತಕಕ್ಕೆ ಬರಲಿಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ, ನಮ್ಮ ಜನ ಯಾರು ಎಲ್ಲಿದ್ದಾರೆ ಎಂಬ ಪೂರ್ಣ ಪಟ್ಟಿ ಯಾರ ಬಳಿಯೂ ಇರಲಿಲ್ಲ. ಮುಂಬಯಿ, ಪುಣೆ, ಹೈದರಾಬಾದುಗಳಿಂದ ಕಲ್ಯಾಣ ಕರ್ನಾಟಕದ ಹಳ್ಳಿಗಳಿಗೆ ಜನ ಮರಳಿದಾಗಲೇ ಗುಳೆಯ ನಿಜವಾದ ಗಾತ್ರ ಎಲ್ಲರಿಗೂ ಕಂಡದ್ದು. ಅವರನ್ನು ಊರಿನವರೇ ರೋಗ ತಂದವರೆಂದು ಅನುಮಾನಿಸಿದ ಪ್ರಸಂಗಗಳೂ ನಡೆದವು. ವರ್ಷಾನುಗಟ್ಟಲೆ ಅವರು ಕಳುಹಿಸಿದ ಹಣದಿಂದ ನಡೆದ ಮನೆಗಳನ್ನು ಆ ಕ್ಷಣ ಯಾರೂ ನೆನೆಯಲಿಲ್ಲ.

ಹೋದವರ ಹಣ ಊರನ್ನು ಬೆಳೆಸುತ್ತದೆಯೆ?

ವಲಸೆ ಹೋದವರು ಕಳುಹಿಸುವ ಹಣದಿಂದ ಸಾಲ ತೀರುತ್ತದೆ, ಮಗಳ ಮದುವೆಯಾಗುತ್ತದೆ, ಹಂಚಿನ ಮನೆಗೆ ಆರ್.ಸಿ.ಸಿ. ಛಾವಣಿ ಬರುತ್ತದೆ. ಇದು ಸಣ್ಣ ಮಾತಲ್ಲ. ಆದರೆ ಆ ಹಣ ಊರಿನಲ್ಲಿ ಹೊಸ ಉದ್ಯೋಗವಾಗಬೇಕಾದರೆ ನೀರು, ವಿದ್ಯುತ್ತು, ರಸ್ತೆ, ಬ್ಯಾಂಕು, ಶಾಲೆ ಇರಬೇಕು. ಅವು ಒಬ್ಬೊಬ್ಬರ ಉಳಿತಾಯದಿಂದ ಬರುವಂಥವಲ್ಲ.

ಈ ವಿಷಯದಲ್ಲಿ ಯೂರೋಪಿನ ಎರಡು ಉದಾಹರಣೆಗಳು ಬೋಧಪ್ರದ. ದಕ್ಷಿಣ ಇಟಲಿಯ ಹಳ್ಳಿಗಳಿಂದ ಲಕ್ಷಾಂತರ ಜನ ಉತ್ತರದ ಕಾರ್ಖಾನೆಗಳಿಗೂ ಜರ್ಮನಿ, ಬೆಲ್ಜಿಯಂಗಳಿಗೂ ಹೋದರು. 1956ರಲ್ಲಿ ಬೆಲ್ಜಿಯಂನ ಮಾರ್ಸಿನೆಲ್ ಗಣಿಯಲ್ಲಿ ಬೆಂಕಿ ಬಿದ್ದು 262 ಜನ ಸತ್ತಾಗ ಅವರಲ್ಲಿ 136 ಮಂದಿ ಇಟಲಿಯವರು. ಇಟಲಿ ಸರಕಾರ 1950ರಲ್ಲಿಯೇ ದಕ್ಷಿಣದ ಅಭಿವೃದ್ಧಿಗೆ ವಿಶೇಷ ನಿಧಿಯನ್ನು ಸ್ಥಾಪಿಸಿತ್ತು. ರಸ್ತೆ, ಕಾಲುವೆಗಳಿಂದ ಉಪಯೋಗವಾಯಿತು. ಆದರೆ ಸ್ಥಳೀಯರ ಕಸುಬಿಗೂ ಬೆಳೆಗೂ ಸಂಬಂಧವಿಲ್ಲದ ಭಾರಿ ಕಾರ್ಖಾನೆಗಳನ್ನು ಜನ 'ಮರುಭೂಮಿಯ ದೇವಾಲಯಗಳು' ಎಂದು ಹಾಸ್ಯಮಾಡಿದರು. ಉತ್ತರ ದಕ್ಷಿಣಗಳ ಅಂತರ ಅಲ್ಲಿ ಇಂದಿಗೂ ಮುಚ್ಚಿಲ್ಲ.

ಐರ್ಲೆಂಡಿನಲ್ಲಿ ಬೇರೆ ರೀತಿ ನಡೆಯಿತು. 1967ರಿಂದ ಪ್ರೌಢಶಿಕ್ಷಣ ಉಚಿತವಾಯಿತು. ಹಳ್ಳಿಯ ಮಕ್ಕಳಿಗೆ ಶಾಲೆಯ ಬಸ್ಸು ಬಂತು. ಮೊದಮೊದಲು ಹಾಗೆ ಓದಿದವರೂ ಹಡಗು, ವಿಮಾನ ಹತ್ತಿದರು. ಆದರೆ 1990ರ ದಶಕದಲ್ಲಿ ಉದ್ಯಮಗಳು ಬಂದಾಗ ಕುಶಲ ಯುವಜನ ಸಿದ್ಧರಿದ್ದರು. ಹೋದವರಲ್ಲಿ ಹಲವರು ಮರಳಿದರು. ನೂರೈವತ್ತು ವರ್ಷ ಜನರನ್ನು ಕಳುಹಿಸಿದ ದೇಶ ಜನರನ್ನು ಬರಮಾಡಿಕೊಳ್ಳುವ ದೇಶವಾಯಿತು.

ನಮ್ಮ ಸೀಮೆಯಲ್ಲಿಯೂ ಪ್ರಯತ್ನಗಳು ನಡೆದಿವೆ. ಹುಮನಾಬಾದ್ ತಾಲ್ಲೂಕಿನ ಹಳ್ಳಿಖೇಡದ ಸಹಕಾರಿ ಸಕ್ಕರೆ ಕಾರ್ಖಾನೆ ಕಬ್ಬು ಬೆಳೆಗಾರರ ಕೈಗೆ ಹಣ ಕೊಟ್ಟಿತು. ಮುಂದೆ ಸಾಲದ ಹೊರೆಯಲ್ಲಿ ಸೊರಗಿತು. ಕಾರಂಜಾ, ಚುಳಕಿನಾಲಾ ಜಲಾಶಯಗಳು ಬಂದವು. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ, ಔಷಧ ಕಾರ್ಖಾನೆಗಳು ನೆಲೆಯೂರಿದವು. ಜೊತೆಗೆ ನೀರು, ಗಾಳಿ ಕೆಡುವ ದೂರೂ ಬಂತು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿದಾಗ ಅವುಗಳಲ್ಲಿ 21 ಗುಲ್ಬರ್ಗಾ ವಿಭಾಗದಲ್ಲಿದ್ದವು. 2006ರಲ್ಲಿ ಗ್ರಾಮೀಣ ಉದ್ಯೋಗ ಖಾತರಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲ ಹಂತಕ್ಕೆ ಆರಿಸಿದ ಐದು ಜಿಲ್ಲೆಗಳಲ್ಲಿ ಬೀದರ್ ಒಂದು. 2012ರಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ವಿಧಿ ಸೇರಿ, ಈ ಭಾಗದ ವಿದ್ಯಾರ್ಥಿಗಳಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲು ಸ್ಥಾನ ದೊರೆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು.

ಹೆಸರು ಬಂದಿತು, ನಿಧಿಯೂ ಬಂದಿತು. ಆದರೆ ನಾವು ಕೇಳಬೇಕಾದ ಪ್ರಶ್ನೆ ಹಣ ಎಷ್ಟು ಬಂತೆಂಬುದು ಮಾತ್ರವಲ್ಲ. ಆ ಹಣ ಯಾರ ಕೈಯ ಕಸುಬನ್ನು ಬಲಪಡಿಸಿತು ಎಂಬುದು. ಗಂಡಸರು ಗುಳೆ ಹೋದ ಮನೆಗಳಲ್ಲಿ ಹೊಲ ನೋಡಿಕೊಳ್ಳುವವಳು ಹೆಣ್ಣುಮಗಳು. ಪಹಣಿಯಲ್ಲಿ ಅವಳ ಹೆಸರಿಲ್ಲದಿದ್ದರೆ ಬ್ಯಾಂಕಿನಲ್ಲಿ ಸಾಲವಿಲ್ಲ. ತಂದೆತಾಯಿಯೊಂದಿಗೆ ಹೋದ ಮಗುವಿಗೆ ಆ ಊರಿನ ಶಾಲೆಯ ಭಾಷೆ ತಿಳಿಯದು; ಮರಳಿ ಬರುವಷ್ಟರಲ್ಲಿ ಇಲ್ಲಿನ ಪಾಠ ಮುಗಿದಿರುತ್ತದೆ. ಈ ಮಗು ಮುಂದೆ ಮುಕಾದಮನ ಪಟ್ಟಿಗೆ ಸೇರುವ ಸಾಧ್ಯತೆಯೇ ಹೆಚ್ಚು. ಐರ್ಲೆಂಡಿನ ಅನುಭವ ನಮಗೆ ಹೇಳುವುದು ಇದನ್ನೇ: ಮಗುವಿನ ಶಾಲೆ ತಪ್ಪದಂತೆ ನೋಡಿಕೊಂಡ ಊರು ಒಂದು ತಲೆಮಾರು ತಡವಾಗಿಯಾದರೂ ಫಲ ಕಾಣುತ್ತದೆ.

ಹೋಗುವುದು ತಪ್ಪೆ?

ವಿದ್ಯಾರ್ಥಿ ಮಿತ್ರರೆ, ನಿಮ್ಮಲ್ಲಿ ಹಲವರು ಓದಿಗಾಗಿ, ಉದ್ಯೋಗಕ್ಕಾಗಿ ಊರು ಬಿಡುವವರೇ. ಊರು ಬಿಡುವುದು ಊರಿಗೆ ದ್ರೋಹ ಎಂದು ಯಾರೂ ಹೇಳಬೇಕಾಗಿಲ್ಲ. ಬಸವಣ್ಣನವರು ಬಾಗೇವಾಡಿಯಲ್ಲೇ, ಅಕ್ಕ ಉಡುತಡಿಯಲ್ಲೇ ಉಳಿದಿದ್ದರೆ ಕಲ್ಯಾಣದ ಇತಿಹಾಸವೇ ಇರುತ್ತಿರಲಿಲ್ಲ. ಆದರೆ ಇಷ್ಟಪಟ್ಟು ಹೋಗುವುದಕ್ಕೂ ಬೇರೆ ದಾರಿಯಿಲ್ಲದೆ ಹೋಗುವುದಕ್ಕೂ ಅಜಗಜಾಂತರ. ಇಂಜಿನಿಯರಿಂಗ್ ಓದಿ ಹೈದರಾಬಾದಿಗೆ ಹೋಗುವ ಯುವಕನೂ, ಮುಂಗಡಕ್ಕೆ ಕಟ್ಟುಬಿದ್ದು ಅದೇ ಬಸ್ಸಿನಲ್ಲಿ ಹೋಗುವ ದಂಪತಿಗಳೂ ವಲಸೆಗಾರರೇ. ಒಬ್ಬರು ಮರಳಿ ಬರಬಹುದು, ಬಾರದೆಯೂ ಇರಬಹುದು, ನಿರ್ಧಾರ ಅವರದು. ಇನ್ನೊಬ್ಬರ ನಿರ್ಧಾರ ಬೇರೆಯವರ ಕೈಯಲ್ಲಿದೆ. ಅಭಿವೃದ್ಧಿ ಎಂದರೆ ಗುಳೆಯನ್ನು ತಡೆಯುವ ಗೋಡೆಯಲ್ಲ. ಎರಡನೆಯವರನ್ನು ಮೊದಲನೆಯವರ ಸ್ಥಿತಿಗೆ ತರುವ ಕೆಲಸ.

12ನೆಯ ಶತಮಾನದ ಕಲ್ಯಾಣ ಜನರನ್ನು ಸೆಳೆದದ್ದು ಮೂರು ಕಾರಣಗಳಿಂದ: ಅಲ್ಲಿ ಹಣ ಖರ್ಚಾಗುತ್ತಿತ್ತು, ಅಲ್ಲಿಗೆ ದಾರಿಗಳಿದ್ದವು, ಅಲ್ಲಿ ದುಡಿಯುವವನಿಗೆ ಮರ್ಯಾದೆಯಿತ್ತು. ಮೊದಲೆರಡನ್ನು ಸರಕಾರಗಳು ಒದಗಿಸಬಹುದು. ಮೂರನೆಯದನ್ನು ಒದಗಿಸಬೇಕಾದವರು ನಾವೇ. ಅದು ತಪ್ಪಿದ ದಿನ ಕಲ್ಯಾಣದಿಂದ ಎಂಥೆಂಥವರು ಹೊರಟುಹೋದರೆಂಬುದನ್ನು ನಾವು ಆಗಲೇ ನೋಡಿದ್ದೇವೆ.

ಈ ಲೇಖನ ಓದಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಓಣಿಯ ಹತ್ತು ಮನೆಗಳಿಗೆ ಹೋಗಿ, ಮೂರು ತಲೆಮಾರುಗಳಲ್ಲಿ ಆ ಮನೆಗೆ ಯಾರು ಎಲ್ಲಿಂದ ಬಂದರು, ಯಾರು ಎಲ್ಲಿಗೆ ಹೋದರು, ಏಕೆ ಹೋದರು ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಮದುವೆಯಾಗಿ ಬಂದ ಹೆಣ್ಣುಮಕ್ಕಳನ್ನು ಲೆಕ್ಕಕ್ಕೆ ಸೇರಿಸಲು ಮರೆಯಬೇಡಿ. ಅವರೂ ಊರು ಬಿಟ್ಟು ಬಂದವರೇ. ಪಟ್ಟಿ ಮುಗಿದಾಗ ಒಂದೇ ಊರಿನಲ್ಲಿ ಬೇರೂರಿದ ಮನೆ ಎಷ್ಟೆಂದು ಎಣಿಸಿ ನೋಡಿ. ಆ ಪಟ್ಟಿಯನ್ನು ಶಾಲೆಯಲ್ಲಿ ಜೋಪಾನವಾಗಿಡಿ. ನಮ್ಮ ಸೀಮೆಯ ಇತಿಹಾಸ ಬರೆಯುವವರಿಗೆ ಮುಂದೆ ಅದು ಬೇಕಾದೀತು.